ಔಷಧವಿದೆ, ಕೈಹಿಡಿದು ನಡೆಸುವವರು ಬೇಕು: ಅಮೆರಿಕದ ಲ್ಯಾಟಿನೊ ಪುರುಷರು ಮತ್ತು ಎಚ್‌ಐವಿ ಚಿಕಿತ್ಸೆ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಅಮೆರಿಕದಲ್ಲಿ ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿರುವ ಲ್ಯಾಟಿನೊ ಪುರುಷರ ಸ್ಥಿತಿಗೆ ಈ ಗಾದೆ ಹೆಚ್ಚುಕಡಿಮೆ ಒಪ್ಪುತ್ತದೆ. ಸೋಂಕನ್ನು ಹತೋಟಿಯಲ್ಲಿಡುವ ಔಷಧ ಆ ದೇಶದಲ್ಲಿದೆ. ಬಡವರಿಗೆ, ವಿಮೆ ಇಲ್ಲದವರಿಗೆ ಅದನ್ನು ಒದಗಿಸುವ ಸರ್ಕಾರಿ ಕಾರ್ಯಕ್ರಮವೂ ಇದೆ. ಆದರೂ ಸೋಂಕು ಪತ್ತೆಯಾದವರಲ್ಲಿ ಅನೇಕರು ಒಂದೆರಡು ಬಾರಿ ಚಿಕಿತ್ಸಾಲಯಕ್ಕೆ ಬಂದು ಹೋದ ಮೇಲೆ ಮತ್ತೆ ಅತ್ತ ಸುಳಿಯುವುದಿಲ್ಲ. ವರ ಮತ್ತು ಭಕ್ತನ ನಡುವೆ ಎಲ್ಲೋ ದಾರಿ ಕಡಿದುಹೋಗಿದೆ.

ಆ ದಾರಿಯನ್ನು ಮತ್ತೆ ಜೋಡಿಸಲು ಅಲ್ಲಿನ ಆರೋಗ್ಯ ಸಂಸ್ಥೆಗಳು ಎರಡು ದಶಕಗಳಿಂದ ಒಂದು ಸರಳ ಉಪಾಯವನ್ನು ಪರೀಕ್ಷಿಸುತ್ತಿವೆ. ರೋಗಿಯ ಭಾಷೆಯನ್ನೇ ಆಡುವ, ಅವನಂತೆಯೇ ವಲಸೆ ಬಂದ, ಸಾಧ್ಯವಾದರೆ ಅವನಂತೆಯೇ ಸೋಂಕಿನೊಂದಿಗೆ ಬದುಕುತ್ತಿರುವ ಒಬ್ಬ ವ್ಯಕ್ತಿಯನ್ನು ಜೊತೆಗಾರನನ್ನಾಗಿ ಕೊಡುವುದೇ ಆ ಉಪಾಯ. ಇದಕ್ಕೆ ಸಹವರ್ತಿ ಬೆಂಬಲ ಎಂದು ಹೆಸರು. ಇದರಿಂದ ಪ್ರಯೋಜನವಿದೆ ಎಂಬುದಕ್ಕೆ ಆಧಾರಗಳು ದೊರೆತಿವೆ. ಇಷ್ಟಾದರೂ ಅದು ಬಹುತೇಕ ಕಡೆಗಳಲ್ಲಿ ಅವಧಿ ನಿಗದಿಯಾದ ಯೋಜನೆಯಾಗಿಯೇ ಉಳಿದಿದೆ. ಸಮಸ್ಯೆಯ ಮೂಲ ಇರುವುದು ಇಲ್ಲಿ.

ಅಂಕಿಅಂಶ ಹೇಳುವುದೇನು?

ಸ್ಪ್ಯಾನಿಷ್ ಅಥವಾ ಪೋರ್ಚುಗೀಸ್ ಮಾತನಾಡುವ ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದವರನ್ನು ಮತ್ತು ಅವರ ಸಂತತಿಯನ್ನು ಅಮೆರಿಕದಲ್ಲಿ ಲ್ಯಾಟಿನೊ ಎಂದು ಕರೆಯುತ್ತಾರೆ. 2020ರ ಜನಗಣತಿಯ ಪ್ರಕಾರ ಲ್ಯಾಟಿನೊ ಅಥವಾ ಹಿಸ್ಪಾನಿಕ್ ಎಂದು ಗುರುತಿಸಿಕೊಂಡವರ ಸಂಖ್ಯೆ 6.21 ಕೋಟಿ. ಅಂದರೆ ಒಟ್ಟು ಜನಸಂಖ್ಯೆಯ ಶೇ. 18.7. ಆದರೆ ಎಚ್‌ಐವಿ ವಿಷಯದಲ್ಲಿ ಈ ಸಮುದಾಯದ ಪಾಲು ಇದಕ್ಕಿಂತ ಬಹಳ ದೊಡ್ಡದು. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರದ (ಸಿಡಿಸಿ) ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 31,800 ಹೊಸ ಸೋಂಕುಗಳು ಉಂಟಾದವು. ಅದರಲ್ಲಿ ಲ್ಯಾಟಿನೊಗಳ ಪಾಲು ಸುಮಾರು ಶೇ. 33.

2018ರಿಂದ 2022ರ ಅವಧಿಯಲ್ಲಿ ಇಡೀ ದೇಶದ ಹೊಸ ಸೋಂಕುಗಳು ಶೇ. 12ರಷ್ಟು ಇಳಿದವು. ಈ ಇಳಿಕೆಯ ಫಲ ಲ್ಯಾಟಿನೊ ಸಮುದಾಯಕ್ಕೆ ಅದೇ ಪ್ರಮಾಣದಲ್ಲಿ ದೊರೆಯಲಿಲ್ಲ. ಈ ಸಮುದಾಯದಲ್ಲಿ ಹೊಸದಾಗಿ ಸೋಂಕಿತರಾಗುವವರಲ್ಲಿ ಬಹುಪಾಲು ಪುರುಷರು. ಅವರಲ್ಲೂ ಪುರುಷರೊಂದಿಗೆ ಲೈಂಗಿಕ ಸಂಪರ್ಕವುಳ್ಳವರೇ ಹೆಚ್ಚು.

ಸೋಂಕು ಪತ್ತೆಯಾದ ಮೇಲಿನ ಕಥೆ ಇನ್ನೊಂದು. ವರ್ಷದಲ್ಲಿ ಕನಿಷ್ಠ ಮೂರು ತಿಂಗಳ ಅಂತರದಲ್ಲಿ ಎರಡು ಬಾರಿಯಾದರೂ ರಕ್ತಪರೀಕ್ಷೆ ಮಾಡಿಸಿಕೊಂಡವರನ್ನು ಸಿಡಿಸಿ ‘ಚಿಕಿತ್ಸೆಯಲ್ಲಿ ಉಳಿದವರು’ ಎಂದು ಲೆಕ್ಕ ಹಾಕುತ್ತದೆ. ಈ ಅಳತೆಯಂತೆ ಅಮೆರಿಕದಲ್ಲಿ ಸೋಂಕು ಪತ್ತೆಯಾದವರಲ್ಲಿ ಚಿಕಿತ್ಸೆಯಲ್ಲಿ ಉಳಿದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ವೈರಾಣು ಹತೋಟಿಗೆ ಬಂದವರು ಮೂರರಲ್ಲಿ ಇಬ್ಬರು. ಲ್ಯಾಟಿನೊಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ ಮಟ್ಟದಲ್ಲಿದೆ.

ಚಿಕಿತ್ಸೆಯಲ್ಲಿ ಉಳಿಯುವುದು ಏಕಿಷ್ಟು ಮುಖ್ಯ? ಔಷಧವನ್ನು ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಾಣುವಿನ ಪ್ರಮಾಣ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಯುರೋಪಿನಲ್ಲಿ 782 ಪುರುಷ ಜೋಡಿಗಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆಯಲ್ಲಿದ್ದು ವೈರಾಣು ಹತೋಟಿಯಲ್ಲಿದ್ದ ಸಂಗಾತಿಯಿಂದ ಇನ್ನೊಬ್ಬರಿಗೆ ಸೋಂಕು ತಗುಲಿದ ಒಂದೇ ಒಂದು ಪ್ರಕರಣವೂ ಕಂಡುಬರಲಿಲ್ಲ. ಆದ್ದರಿಂದ ಚಿಕಿತ್ಸೆ ಬಿಟ್ಟುಹೋದವನು ತನ್ನ ಆಯುಷ್ಯವನ್ನಷ್ಟೇ ಪಣಕ್ಕಿಡುತ್ತಿಲ್ಲ. ಅವನ ಸಂಗಾತಿಯ ಆರೋಗ್ಯವೂ ಅದರೊಂದಿಗೆ ಪಣಕ್ಕೆ ಬೀಳುತ್ತದೆ.

ಬಿಟ್ಟುಹೋಗುವುದೇಕೆ?

ಉದಾಸೀನವೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ವಾಸ್ತವ ಅಷ್ಟು ಸರಳವಾಗಿಲ್ಲ. ಕಟ್ಟಡದ ಕೆಲಸ, ಹೊಲದ ಕೆಲಸ, ಹೋಟೆಲಿನ ಅಡುಗೆಮನೆ, ಮಾಂಸ ಸಂಸ್ಕರಣಾ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಲ್ಯಾಟಿನೊ ವಲಸಿಗರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಇಂಥ ಕೆಲಸಗಳಲ್ಲಿ ವೇತನಸಹಿತ ರಜೆ ಅಪರೂಪ. ವೈದ್ಯರ ಭೇಟಿಗೆ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಬಸ್ ಸೌಕರ್ಯವಿಲ್ಲದ ಊರುಗಳಲ್ಲಿ ಸ್ವಂತ ವಾಹನವಿಲ್ಲದವನಿಗೆ ಚಿಕಿತ್ಸಾಲಯ ತಲುಪುವುದೇ ಕಷ್ಟ. ವಲಸೆ ದಾಖಲೆ ಇಲ್ಲದವರಿಗೆ ಬಹಳಷ್ಟು ರಾಜ್ಯಗಳಲ್ಲಿ ವಾಹನ ಚಾಲನಾ ಪರವಾನಗಿಯೂ ಸಿಗುವುದಿಲ್ಲ.

ಭಾಷೆ ಎರಡನೆಯ ಗೋಡೆ. ಲ್ಯಾಟಿನೊ ಎಂದೊಡನೆ ಸ್ಪ್ಯಾನಿಷ್ ಎಂದು ತಿಳಿಯುವುದೂ ಪೂರ್ಣ ಸರಿಯಲ್ಲ. ಮೆಕ್ಸಿಕೊ ಮತ್ತು ಗ್ವಾಟೆಮಾಲಾದ ಕೆಲವು ಪ್ರದೇಶಗಳಿಂದ ಬಂದವರ ಮನೆಮಾತು ಮಿಶ್ಟೆಕ್ ಅಥವಾ ಮಾಯಾ ಮೂಲದ ಯಾವುದೋ ಭಾಷೆಯಾಗಿರುತ್ತದೆ. ಅವರಿಗೆ ಸ್ಪ್ಯಾನಿಷ್ ಕೂಡ ಕಲಿತ ಭಾಷೆಯೇ. ದುಭಾಷಿಯನ್ನು ಕರೆಸಿದರೆ ಮಾತು ದಾಟಬಹುದು. ಆದರೆ ಅದೇ ಊರಿನ ಅಪರಿಚಿತನೊಬ್ಬ ತನ್ನ ರೋಗದ ಗುಟ್ಟನ್ನು ಕೇಳಿಸಿಕೊಳ್ಳುತ್ತಿದ್ದಾನೆ ಎಂಬ ಅಳುಕು ರೋಗಿಯ ಬಾಯಿಯನ್ನು ಕಟ್ಟಿಹಾಕುತ್ತದೆ.

ಮೂರನೆಯದು ಮನೆ ಮತ್ತು ಮಾನ. ಕುಟುಂಬವೇ ಎಲ್ಲಕ್ಕಿಂತ ಮಿಗಿಲು ಎಂಬ ಭಾವನೆಗೆ ಸ್ಪ್ಯಾನಿಷ್‌ನಲ್ಲಿ ‘ಫಮಿಲಿಸ್ಮೊ’ ಎನ್ನುತ್ತಾರೆ. ಗಂಡಸು ಎಂದರೆ ದುಡಿದು ಸಾಕುವವನು, ನೋವು ತೋಡಿಕೊಳ್ಳದವನು ಎಂಬ ನಿರೀಕ್ಷೆಗೆ ‘ಮಚಿಸ್ಮೊ’ ಎಂಬ ಪದವಿದೆ. ಊರಿನಲ್ಲಿರುವ ತಾಯಿಗೆ, ಹೆಂಡತಿ ಮಕ್ಕಳಿಗೆ ತಿಂಗಳು ತಿಂಗಳು ಹಣ ಕಳಿಸುವವನಿಗೆ ತಾನು ರೋಗಿ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಪುರುಷರೊಂದಿಗಿನ ಸಂಬಂಧವನ್ನು ಮುಚ್ಚಿಟ್ಟಿರುವವನ ಪಾಲಿಗೆ ಎಚ್‌ಐವಿ ಚಿಕಿತ್ಸಾಲಯದ ಬಾಗಿಲು ಎರಡು ಗುಟ್ಟುಗಳನ್ನು ಒಟ್ಟಿಗೆ ಬಯಲು ಮಾಡುವ ಜಾಗ. ಒಂದೇ ಕೋಣೆಯಲ್ಲಿ ಐದಾರು ಮಂದಿ ಕೂಡಿ ಬಾಳುವ ವಲಸೆ ಕಾರ್ಮಿಕನಿಗೆ ಮಾತ್ರೆಯ ಡಬ್ಬಿ ಬಚ್ಚಿಡುವುದೂ ನಿತ್ಯದ ಚಿಂತೆ.

ಇವೆಲ್ಲಕ್ಕೂ ಮೇಲೆ ಗಡಿಪಾರಿನ ಭಯ. ಎಚ್‌ಐವಿ ಸೋಂಕಿತ ವಿದೇಶಿಯರು ಅಮೆರಿಕಕ್ಕೆ ಬರಬಾರದೆಂಬ ನಿಷೇಧ 1987ರಿಂದ 2010ರ ಜನವರಿಯವರೆಗೆ ಜಾರಿಯಲ್ಲಿತ್ತು. ನಿಷೇಧ ತೆರವಾಗಿ ಹದಿನೈದು ವರ್ಷಗಳು ಕಳೆದಿವೆ. ಆದರೆ ಸೋಂಕಿನ ಸುದ್ದಿ ಸರ್ಕಾರಕ್ಕೆ ತಲುಪಿದರೆ ತೊಂದರೆ ತಪ್ಪದು ಎಂಬ ನಂಬಿಕೆ ಕಾನೂನಿನೊಂದಿಗೇ ಅಳಿಯುವಂಥದ್ದಲ್ಲ.

ಜೊತೆಗಾರ ಮಾಡುವ ಕೆಲಸ

ಇಂಥ ಕಡೆ ಸಹವರ್ತಿ ಮಾಡುವ ಕೆಲಸ ಬಹಳ ದೊಡ್ಡದೇನೂ ಅಲ್ಲ. ಆದರೆ ಅದನ್ನು ಬೇರೆ ಯಾರೂ ಮಾಡುವುದಿಲ್ಲ. ಸೋಂಕು ಪತ್ತೆಯಾದ ದಿನವೇ ರೋಗಿಯ ಪಕ್ಕದಲ್ಲಿ ಕೂರುತ್ತಾನೆ. ತನಗೂ ಇದೇ ಸೋಂಕಿದೆ, ಇಷ್ಟು ವರ್ಷಗಳಿಂದ ಕೆಲಸ ಮಾಡಿಕೊಂಡು ಬದುಕಿದ್ದೇನೆ ಎಂದು ಹೇಳುತ್ತಾನೆ. ಮೊದಲ ಭೇಟಿಗೆ ಜೊತೆಯಲ್ಲಿ ಬರುತ್ತಾನೆ, ಅರ್ಜಿ ತುಂಬಿಸುತ್ತಾನೆ, ಕೆಲಸದ ಹೊತ್ತಿಗೆ ಅಡ್ಡಿಯಾಗದ ಸಮಯ ಹೊಂದಿಸಿಕೊಡುತ್ತಾನೆ. ಭೇಟಿ ತಪ್ಪಿದರೆ ಮರುದಿನ ಫೋನ್ ಮಾಡುತ್ತಾನೆ. ಫೋನಿನಲ್ಲಿ ‘ಕ್ಲಿನಿಕ್‌ನಿಂದ’ ಎನ್ನುವುದಿಲ್ಲ, ಗೆಳೆಯನಂತೆ ಮಾತನಾಡುತ್ತಾನೆ. ಮನೆಯವರಿಗೆ ವಿಷಯ ತಿಳಿಸಬೇಕೆ, ತಿಳಿಸುವುದಾದರೆ ಯಾರಿಗೆ ಮೊದಲು ಎಂಬ ಪ್ರಶ್ನೆಗೆ ವೈದ್ಯರಿಗಿಂತ ಅವನ ಬಳಿಯೇ ಉತ್ತರ ದೊರೆಯುವ ಸಾಧ್ಯತೆ ಹೆಚ್ಚು.

ಲ್ಯಾಟಿನ್ ಅಮೆರಿಕದಲ್ಲಿ ಇದಕ್ಕೆ ಹಳೆಯ ಬೇರುಗಳಿವೆ. ಹಳ್ಳಿಯವರೇ ಆದ ‘ಪ್ರೊಮೊತೊರೆಸ್’ ಎಂಬ ಸಮುದಾಯ ಆರೋಗ್ಯ ಕಾರ್ಯಕರ್ತರು ಅಲ್ಲಿ ದಶಕಗಳಿಂದ ಮನೆಮನೆಗೆ ಹೋಗುತ್ತಿದ್ದಾರೆ. ಲಾಸ್ ಏಂಜಲಿಸ್‌ನಲ್ಲಿ 1989ರಲ್ಲಿ ಹುಟ್ಟಿದ ಬಿಯೆನೆಸ್ತಾರ್, ನ್ಯೂಯಾರ್ಕ್‌ನಲ್ಲಿ 1990ರಲ್ಲಿ ಸ್ಥಾಪನೆಯಾದ ಲ್ಯಾಟಿನೊ ಕಮಿಷನ್ ಆನ್ ಏಡ್ಸ್ ಮುಂತಾದ ಸಂಸ್ಥೆಗಳು ಎಚ್‌ಐವಿ ಕ್ಷೇತ್ರದಲ್ಲಿ ತಮ್ಮ ಸಮುದಾಯದ ಧ್ವನಿಯಾದವು. ನಾರ್ತ್ ಕ್ಯಾರೊಲಿನಾದಲ್ಲಿ ‘ಹೊಂಬ್ರೆಸ್’ ಎಂಬ ಕಾರ್ಯಕ್ರಮ ವಲಸೆ ಕಾರ್ಮಿಕರ ಫುಟ್ಬಾಲ್ ತಂಡಗಳನ್ನೇ ಆಯ್ದುಕೊಂಡಿತು. ತಂಡದ ಒಬ್ಬ ಆಟಗಾರನಿಗೆ ತರಬೇತಿ ಕೊಟ್ಟು ಅವನನ್ನು ‘ನವೆಗಾಂತೆ’, ಅಂದರೆ ದಾರಿ ತೋರುವವನು ಎಂದು ಕರೆಯಲಾಯಿತು. ಸೋಂಕು ತಡೆ ಅದರ ಉದ್ದೇಶವಾಗಿತ್ತು. ಗಂಡಸರು ತಾವಾಗಿಯೇ ಸೇರುವ ಜಾಗಕ್ಕೆ ಆರೋಗ್ಯದ ಮಾತು ಹೋಗಬೇಕು ಎಂಬ ಪಾಠ ಚಿಕಿತ್ಸೆಗೂ ಅನ್ವಯಿಸುತ್ತದೆ.

2013ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ರಯನ್ ವೈಟ್ ಕಾರ್ಯಕ್ರಮದ ಅಡಿಯಲ್ಲಿ ಲ್ಯಾಟಿನೊ ಸೋಂಕಿತರನ್ನು ಚಿಕಿತ್ಸೆಗೆ ತಂದು ಅಲ್ಲಿಯೇ ಉಳಿಸಿಕೊಳ್ಳುವ ಪ್ರಾಯೋಗಿಕ ಯೋಜನೆಗಳಿಗೆ ಐದು ವರ್ಷಗಳ ಅನುದಾನ ನೀಡಿತು. ಮೆಕ್ಸಿಕೊ ಮೂಲದವರು ಮತ್ತು ಪೋರ್ಟೊರಿಕೊ ಮೂಲದವರು ಇದರ ಗುರಿಯಾಗಿದ್ದರು. ಷಿಕಾಗೊದ ಯೋಜನೆಗೆ ‘ಸಲೂದ್ ಇ ಒರ್ಗುಯೊ ಮೆಹಿಕಾನೊ’ ಎಂದು ಹೆಸರಿಡಲಾಯಿತು. ಮೆಕ್ಸಿಕನ್ನರ ಆರೋಗ್ಯ ಮತ್ತು ಹೆಮ್ಮೆ ಎಂಬುದು ಅದರ ಅರ್ಥ. ನಾರ್ತ್ ಕ್ಯಾರೊಲಿನಾದ ಯೋಜನೆಯ ಹೆಸರು ‘ಎನ್ಲಾಸೆಸ್ ಪೋರ್ ಲಾ ಸಲೂದ್’, ಆರೋಗ್ಯದ ಕೊಂಡಿಗಳು. ಯಾವ ಹೆಸರಿನಲ್ಲೂ ರೋಗದ ಸುಳಿವಿಲ್ಲ ಎಂಬುದು ಗಮನಾರ್ಹ. ಕಾಗದ ಯಾರ ಕೈಗೆ ಸಿಕ್ಕರೂ ಗುಟ್ಟು ಒಡೆಯದಿರಲು ಇಷ್ಟು ಎಚ್ಚರವೂ ಬೇಕಾಗುತ್ತದೆ.

ಫಲ ಸಿಕ್ಕಿದೆಯೇ?

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಎರಡು ಬಗೆಯದು. ಲಾಸ್ ಏಂಜಲಿಸ್ ಜೈಲಿನಿಂದ ಬಿಡುಗಡೆಯಾಗುವ ಎಚ್‌ಐವಿ ಸೋಂಕಿತರಿಗೆ ಸಹವರ್ತಿಗಳ ನೆರವು ಕೊಟ್ಟು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಇದರಲ್ಲಿ ಕಪ್ಪು ಜನಾಂಗದವರ ಜೊತೆಗೆ ಲ್ಯಾಟಿನೊಗಳೂ ದೊಡ್ಡ ಸಂಖ್ಯೆಯಲ್ಲಿದ್ದರು. ವರ್ಷ ಕಳೆದಾಗ ಸಹವರ್ತಿಗಳ ನೆರವು ಪಡೆದವರಲ್ಲಿ ವೈರಾಣು ಹತೋಟಿ ಹಿಂದಿನ ಮಟ್ಟದಲ್ಲೇ ಉಳಿದಿತ್ತು. ಎಂದಿನ ಸೇವೆಯನ್ನಷ್ಟೇ ಪಡೆದವರಲ್ಲಿ ಅದು ಕುಸಿದಿತ್ತು.

ಇನ್ನೊಂದು ಅಧ್ಯಯನದ ಪಾಠ ಬೇರೆ. 11 ಆಸ್ಪತ್ರೆಗಳಲ್ಲಿ ಮಾದಕ ವ್ಯಸನವೂ ಇದ್ದ 801 ಎಚ್‌ಐವಿ ಸೋಂಕಿತರಿಗೆ ಆರು ತಿಂಗಳ ಕಾಲ ಮಾರ್ಗದರ್ಶಕರ ನೆರವು ನೀಡಿ ನೋಡಲಾಯಿತು. ಮಾರ್ಗದರ್ಶನದ ಜೊತೆಗೆ ಹಣದ ಪ್ರೋತ್ಸಾಹವೂ ಸೇರಿದ್ದ ಗುಂಪಿನಲ್ಲಿ ಆರನೆಯ ತಿಂಗಳಲ್ಲಿ ಲಾಭ ಕಂಡಿತ್ತು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹನ್ನೆರಡನೆಯ ತಿಂಗಳ ಹೊತ್ತಿಗೆ ಗುಂಪುಗಳ ನಡುವೆ ವ್ಯತ್ಯಾಸವೇ ಉಳಿದಿರಲಿಲ್ಲ. ಆ ಮಾರ್ಗದರ್ಶಕರು ರೋಗಿಗಳ ಸಮುದಾಯದವರೇ ಆಗಿರಬೇಕೆಂಬ ನಿಯಮವಿರಲಿಲ್ಲ. ಹೀಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಒಂದು ಮಾತು ಸ್ಪಷ್ಟ. ಎಚ್‌ಐವಿ ಚಿಕಿತ್ಸೆ ಜೀವನಪರ್ಯಂತದ್ದು. ಆರು ತಿಂಗಳು ಕೈಹಿಡಿದು ನಡೆಸಿ ನಡುದಾರಿಯಲ್ಲಿ ಬಿಟ್ಟರೆ ಫಲವೂ ಅಷ್ಟಕ್ಕೇ ನಿಲ್ಲುತ್ತದೆ.

ಶಾಶ್ವತ ವ್ಯವಸ್ಥೆ ಏನು ಮಾಡಬಲ್ಲದು ಎಂಬುದಕ್ಕೆ ರಯನ್ ವೈಟ್ ಕಾರ್ಯಕ್ರಮವೇ ಸಾಕ್ಷಿ. ರಕ್ತ ಉತ್ಪನ್ನದ ಮೂಲಕ ಸೋಂಕಿಗೆ ತುತ್ತಾಗಿ 1990ರಲ್ಲಿ ತೀರಿಕೊಂಡ ಇಂಡಿಯಾನಾದ ಹದಿಹರೆಯದ ಹುಡುಗನ ಹೆಸರಿನಲ್ಲಿ ಅದೇ ವರ್ಷ ಬಂದ ಕಾನೂನು ಇದರ ಮೂಲ. ವಿಮೆ ಇಲ್ಲದ, ಆದಾಯ ಕಡಿಮೆ ಇರುವ ಸೋಂಕಿತರಿಗೆ ಇದು ಚಿಕಿತ್ಸೆ, ಔಷಧ, ಸಾರಿಗೆ, ಸಮಾಲೋಚನೆಗಳನ್ನು ಒಟ್ಟಿಗೆ ಒದಗಿಸುತ್ತದೆ. ಈ ಕಾರ್ಯಕ್ರಮದಡಿ ವೈದ್ಯಕೀಯ ಸೇವೆ ಪಡೆದವರಲ್ಲಿ ವೈರಾಣು ಹತೋಟಿಗೆ ಬಂದವರ ಪ್ರಮಾಣ 2010ರಲ್ಲಿ ಶೇ. 69.5 ಇದ್ದದ್ದು 2023ರಲ್ಲಿ ಶೇ. 90.6ಕ್ಕೆ ಏರಿತು. ಒಳಗೆ ಬಂದು ನಿಂತವರು ಗೆಲ್ಲುತ್ತಿದ್ದಾರೆ. ಸಹವರ್ತಿಯ ಅಗತ್ಯ ಇರುವುದು ಹೊಸ್ತಿಲಿನಲ್ಲಿ.

ಸಂಸ್ಕೃತಿ ಎಂದರೆ ತೋರಣವಲ್ಲ

‘ಸಾಂಸ್ಕೃತಿಕವಾಗಿ ಹೊಂದುವ ಸೇವೆ’ ಎಂಬ ಮಾತು ಈಗ ಯೋಜನಾ ವರದಿಗಳ ಸವಕಲು ನಾಣ್ಯವಾಗಿದೆ. ಗೋಡೆಗೆ ಸ್ಪ್ಯಾನಿಷ್ ಭಿತ್ತಿಪತ್ರ ಅಂಟಿಸಿ, ಹಬ್ಬದ ದಿನ ಊಟ ಹಾಕಿಸಿ ಸಂಸ್ಕೃತಿಯನ್ನು ಗೌರವಿಸಿದೆವು ಎಂದುಕೊಳ್ಳುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಲ್ಯಾಟಿನೊ ಗಂಡಸರೆಲ್ಲ ಮಚಿಸ್ಮೊ ಪೀಡಿತರು ಎಂಬ ಅಚ್ಚು ಕೂಡ ಅಷ್ಟೇ ಅಪಾಯಕಾರಿ. ಪೋರ್ಟೊರಿಕೊ ಜನ 1917ರಿಂದ ಅಮೆರಿಕದ ಪೌರರು. ಗಡಿಪಾರಿನ ಭಯ ಅವರಿಗಿಲ್ಲ. ಆದರೆ ದ್ವೀಪ ಮತ್ತು ಮುಖ್ಯಭೂಮಿಯ ನಡುವೆ ಓಡಾಡುವಾಗ ಅವರ ಚಿಕಿತ್ಸೆ ಕಡಿದುಹೋಗುವುದುಂಟು. ಮೆಕ್ಸಿಕೊದ ಹಳ್ಳಿಯಿಂದ ಬಂದವನ ಕಷ್ಟ ಒಂದು, ಟೆಕ್ಸಾಸ್‌ನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಬೆಳೆದವನ ಕಷ್ಟ ಇನ್ನೊಂದು. ಎಲ್ಲರಿಗೂ ಒಂದೇ ಮದ್ದು ಅರೆಯುವುದು ಸಂಸ್ಕೃತಿಯ ಅರಿವಲ್ಲ.

ಸ್ಪ್ಯಾನಿಷ್‌ನ ‘ಕಾನ್ಫಿಯಾನ್ಸಾ’ ಎಂಬ ಪದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಿಧಾನವಾಗಿ ಬೆಳೆದ, ಗುಟ್ಟನ್ನು ಒಪ್ಪಿಸಬಹುದಾದ ನಂಬಿಕೆ ಎಂದು ಅದರ ಅರ್ಥ. ಕುಟುಂಬಪ್ರೀತಿಯೂ ಗಂಡಸುತನದ ಭಾವನೆಯೂ ಸದಾ ಅಡ್ಡಿಯೇ ಆಗಬೇಕಿಲ್ಲ. ಮಕ್ಕಳನ್ನು ಸಾಕಬೇಕಾದವನು ಮೊದಲು ಗಟ್ಟಿಯಾಗಿರಬೇಕು, ಅದಕ್ಕಾಗಿ ಮಾತ್ರೆ ತಪ್ಪಿಸಬಾರದು ಎಂದು ಅದೇ ಬದುಕನ್ನು ಬಾಳಿದ ಸಹವರ್ತಿ ಹೇಳಿದರೆ ಮಾತು ನಾಟುತ್ತದೆ. ಇದೇ ಮಾತನ್ನು ಕರಪತ್ರ ಹೇಳಿದರೆ ಉಪದೇಶವಾಗುತ್ತದೆ.

ನಂಬಿಕೆಗೆ ಬಿದ್ದ ಪೆಟ್ಟು

ಇಂಥ ನಂಬಿಕೆಯ ಮೇಲೆ ಸರ್ಕಾರದ ನೀತಿಗಳು ಪದೇ ಪದೇ ಪೆಟ್ಟು ಕೊಟ್ಟಿವೆ. ಸರ್ಕಾರಿ ನೆರವು ಪಡೆದವರಿಗೆ ಕಾಯಂ ನಿವಾಸದ ಪರವಾನಗಿ ನಿರಾಕರಿಸಬಹುದಾದ ವಿಸ್ತೃತ ‘ಸಾರ್ವಜನಿಕ ಹೊರೆ’ ನಿಯಮ 2020ರಲ್ಲಿ ಜಾರಿಗೆ ಬಂದು 2021ರಲ್ಲಿ ರದ್ದಾಯಿತು. ನಿಯಮದ ವ್ಯಾಪ್ತಿಗೆ ಬಾರದವರೂ ಆ ಅವಧಿಯಲ್ಲಿ ಹೆದರಿ ಸರ್ಕಾರಿ ಸೇವೆಗಳಿಂದ ದೂರ ಸರಿದರು.

2025ರಲ್ಲಿ ಪೆಟ್ಟುಗಳು ಸಾಲಾಗಿ ಬಿದ್ದವು. ಆಸ್ಪತ್ರೆ, ಶಾಲೆ, ಚರ್ಚುಗಳಂಥ ಸ್ಥಳಗಳಲ್ಲಿ ವಲಸೆ ಅಧಿಕಾರಿಗಳ ಕಾರ್ಯಾಚರಣೆಗೆ ಮಿತಿ ಹಾಕಿದ್ದ ಮಾರ್ಗಸೂಚಿಯನ್ನು ಜನವರಿಯಲ್ಲಿ ಟ್ರಂಪ್ ಆಡಳಿತ ಹಿಂತೆಗೆದುಕೊಂಡಿತು. ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಘೋಷಿಸಿದ ಮಾರ್ಚ್ 1ರ ಆದೇಶ, ಇಂಗ್ಲಿಷ್ ಬಾರದವರಿಗೂ ಸರ್ಕಾರಿ ಸೇವೆ ಎಟುಕುವಂತೆ ಮಾಡಬೇಕೆಂದು 2000ದಲ್ಲಿ ಕ್ಲಿಂಟನ್ ಹೊರಡಿಸಿದ್ದ ಆದೇಶವನ್ನು ರದ್ದುಗೊಳಿಸಿತು. ಏಪ್ರಿಲ್‌ನಲ್ಲಿ ಸಿಡಿಸಿಯ ಎಚ್‌ಐವಿ ತಡೆ ವಿಭಾಗದ ಹಲವು ಶಾಖೆಗಳ ಸಿಬ್ಬಂದಿಯನ್ನು ಮನೆಗೆ ಕಳಿಸಲಾಯಿತು. ಬಡವರ ವೈದ್ಯಕೀಯ ವಿಮೆಯಾದ ಮೆಡಿಕೇಡ್‌ನ ಮಾಹಿತಿ ವಲಸೆ ಇಲಾಖೆಯ ಕೈಸೇರಿದ ಸಂಗತಿ ಜೂನ್‌ನಲ್ಲಿ ಬಯಲಾಗಿ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು.

ನಿಮ್ಮ ಹೆಸರು ಎಲ್ಲೂ ಹೊರಗೆ ಹೋಗುವುದಿಲ್ಲ ಎಂಬುದು ಸಹವರ್ತಿ ತನ್ನ ಗೆಳೆಯನಿಗೆ ಕೊಡುವ ಮೊದಲ ಮಾತು. ಅದನ್ನು ಉಳಿಸಿಕೊಳ್ಳುವ ಶಕ್ತಿ ಅವನ ಕೈಯಲ್ಲಿಲ್ಲದಂತಾದರೆ ಉಳಿದ ಯಾವ ಕೌಶಲವೂ ನೆರವಿಗೆ ಬಾರದು.

ಮೈಸೂರಿನ ಪಾಠ

ಕರ್ನಾಟಕಕ್ಕೆ ಈ ಪ್ರಶ್ನೆ ಹೊಸತಲ್ಲ. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ವೃತ್ತಿಯಲ್ಲಿರುವವರೇ ತಮ್ಮವರಿಗೆ ಎಚ್‌ಐವಿ ತಿಳಿವಳಿಕೆ ನೀಡುವ, ಚಿಕಿತ್ಸೆಗೆ ಕರೆದೊಯ್ಯುವ ಕೆಲಸ ಮಾಡಿ ದೇಶದ ಗಮನ ಸೆಳೆದಿದ್ದಾರೆ. ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ 2003ರಲ್ಲಿ ಆರಂಭವಾದ ‘ಆವಾಹನ್’ ಕಾರ್ಯಕ್ರಮ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಇದೇ ಮಾದರಿಯನ್ನು ನೆಚ್ಚಿಕೊಂಡಿತ್ತು. ವಿದೇಶಿ ಅನುದಾನ ಕೊನೆಗೊಳ್ಳುವ ಮುನ್ನ ಅದನ್ನು ಹಂತಹಂತವಾಗಿ ಸರ್ಕಾರಕ್ಕೆ ಹಸ್ತಾಂತರಿಸಲಾಯಿತು. ಕೊರತೆಗಳಿದ್ದರೂ ಸಹವರ್ತಿಯ ಹುದ್ದೆ ಸರ್ಕಾರಿ ಕಾರ್ಯಕ್ರಮದ ಭಾಗವಾಗಿ ಉಳಿಯಿತು. ಸೋಂಕಿತರ ಗುಟ್ಟನ್ನು ಕಾಪಾಡುವ ಹೊಣೆಗೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಕಾನೂನಿನ ಬಲ ನೀಡಿತು.

ಹಾಗೆಂದು ಇಲ್ಲಿ ಬೆನ್ನು ತಟ್ಟಿಕೊಳ್ಳುವಂತಿಲ್ಲ. ಗುರುತು ಸಿಕ್ಕೀತೆಂಬ ಅಂಜಿಕೆಯಿಂದ ತಮ್ಮ ಜಿಲ್ಲೆಯ ಎಆರ್‌ಟಿ ಕೇಂದ್ರ ಬಿಟ್ಟು ದೂರದ ಊರಿಗೆ ಹೋಗಿ ಔಷಧ ತರುವವರು ಇಲ್ಲಿಯೂ ಇದ್ದಾರೆ. ಸಹವರ್ತಿಗಳಿಗೆ ಸಿಗುವುದು ಸಂಬಳವಲ್ಲ, ಅಲ್ಪ ಗೌರವಧನ. ಅಮೆರಿಕದಲ್ಲೂ ಇಲ್ಲೂ ವ್ಯವಸ್ಥೆ ಅತಿ ಹೆಚ್ಚು ನೆಚ್ಚಿಕೊಂಡಿರುವ ವ್ಯಕ್ತಿಗೇ ಅತಿ ಕಡಿಮೆ ಭದ್ರತೆ.

ಮಾತ್ರೆ ಕಂಡುಹಿಡಿಯಲು ವಿಜ್ಞಾನ ತನ್ನ ಪಾಲಿನ ಕೆಲಸ ಮಾಡಿದೆ. ದಿನವೂ ಮಾತ್ರೆ ನುಂಗಲಾಗದವರಿಗಾಗಿ ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಔಷಧವೂ ಬಂದಿದೆ. ಆದರೆ ಆ ಚುಚ್ಚುಮದ್ದಿಗೂ ರೋಗಿ ಚಿಕಿತ್ಸಾಲಯದ ಬಾಗಿಲಿಗೆ ಬರಲೇಬೇಕು. ಅವನನ್ನು ಅಲ್ಲಿಗೆ ಕರೆತರುವ ಜೊತೆಗಾರನ ಸಂಬಳ ಮುಂದಿನ ವರ್ಷವೂ ಇರುತ್ತದೆಯೇ, ಅವನು ಕೊಟ್ಟ ಮಾತನ್ನು ಸರ್ಕಾರ ಮುರಿಯದೆ ಇರುತ್ತದೆಯೇ ಎಂಬ ಎರಡು ಪ್ರಶ್ನೆಗಳ ಉತ್ತರದ ಮೇಲೆ ಸಾವಿರಾರು ಲ್ಯಾಟಿನೊ ಪುರುಷರ ಆಯುಷ್ಯ ನಿಂತಿದೆ.